ಹಳೇ ಪಿನ್ನು, ಬ್ಯಾಡ್ಜು: ಅದಲಿ-ಬದಲಿ ಮಾಡೂಕಿಂತ ಮೊದಲ ಬೆಲಿ ತಿಳಕೊಳ್ಳೂದು ಹೆಂಗ?

ಗುಮ್ಮಟದ_ಗಾಳಿ (ವಿಜಯಪುರ)
ನಮಸ್ಕಾರ್ರಿ. ಮೋಡಕಾ ಅಂಗಡಿಯಾಗ ತೂಕದ ಮ್ಯಾಲೆ ಸಿಕ್ಕ ಒಂದು ಡಬ್ಬಿ, ಒಳಗ 46 ಪಿನ್ನು. ರಷ್ಯನ್ ಅಕ್ಷರ ಇರೋ ಹಗುರ ಬಿಲ್ಲೆ 18 (ಮಾಸ್ಕೋ 1980ರ ಒಲಿಂಪಿಕ್ಸಿನ ಕರಡಿನೂ ಅದ), ಡಿಸ್ನಿ 12, ಲಾಸ್ ಏಂಜಲೀಸ್ 1984 ಒಲಿಂಪಿಕ್ಸಿಂದು 3, ಲಯನ್ಸ್ ಕ್ಲಬ್ಬಿಂದು 11. ಉಳಿದ ಎರಡು ಮಿಲಿಟರಿ ಟೋಪಿ ಬ್ಯಾಡ್ಜ್. ಎರಡರಾಗೂ ಕಹಳಿ, ಮ್ಯಾಲೊಂದು ಕಿರೀಟ. ಒಂದು ಹಿತ್ತಾಳಿ ಬಣ್ಣ, ಒಂದು ಬಿಳಿ.

ಪುಣೆದವ್ರೊಬ್ರು ಹಿತ್ತಾಳಿ ಬ್ಯಾಡ್ಜಿನ ಫೋಟೋ ನೋಡಿ "ಇದು ಮರಾಠಾ ರೆಜಿಮೆಂಟಿಂದು, ಬದಲಿಗೆ 50 ಡಿಸ್ನಿ ಪಿನ್ ಕೊಡ್ತೀನಿ" ಅಂತಾರ. ಆನ್‌ಲೈನಿನಾಗ ಒಂದೊಂದು ಡಿಸ್ನಿ ಪಿನ್ನಿಗೆ 800 ರೂಪಾಯಿ ಹಾಕ್ಯಾರ. ಅಂದ್ರ 40,000 ಆಗ್ತದಲ್ರಿ? ಹೂಂ ಅನ್ನಲೋ ಬ್ಯಾಡೋ? ನಾಳಿಗೇ ಉತ್ತರ ಕೇಳ್ಯಾರ.

ಖಡೇಬಜಾರ್_ಕಟ್ಟಿ (ಬೆಳಗಾವಿ)
ನಾಳಿಗೇ ಬೇಕು ಅನ್ನೋ ವ್ಯಾಪಾರಕ್ಕ ನಾಳಿಗೆ ಉತ್ತರ ಕೊಡಬಾರ್ದು.

ಕ್ಯಾಂಪ್_ಬಿಲ್ಲೆ (ಬೆಳಗಾವಿ)
800 ಅನ್ನೋದು ಬೆಲಿ ಅಲ್ರಿ, ಅದು ಮಾರಾವನ ಆಸೆ. ಮೊದ್ಲ ಮಾಲು ಏನಂತ ಗುರುತು ಹಿಡೀರಿ, ಬೆಲಿ ಆಮ್ಯಾಲೆ.

ಪ್ರತಿಯೊಂದಕ್ಕೂ ಮೂರು ಫೋಟೋ ತಗೀರಿ: ಮುಂದ, ಹಿಂದ, ಮತ್ತ ಅಂಚು. ಅಂಚಿನ ಫೋಟೋ ಯಾರೂ ತಗಿಯೂದಿಲ್ಲ, ನಕಲಿ ಸಿಕ್ಕೊಳ್ಳೂದು ಅಲ್ಲೇ. ಬಗಲಿಗೆ ಮಿಲಿಮೀಟರ್ ಪಟ್ಟಿ ಇಡ್ರಿ. ಫ್ಲ್ಯಾಶ್ ಬ್ಯಾಡ, ಕಿಟಕಿ ಬೆಳಕು ಓರೆಯಾಗಿ ಬೀಳಲಿ. ಆಮ್ಯಾಲೆ 0.1 ಗ್ರಾಂ ತೋರಿಸೋ ತಕ್ಕಡಿಯಾಗ ತೂಗ್ರಿ, ಒಂದು ಅಯಸ್ಕಾಂತ ಹಿಡೀರಿ. ಅಂಟಿದ್ರ ಕಬ್ಬಿಣ. ತಾಮ್ರ, ಹಿತ್ತಾಳಿ, ಸತುವಿನ ಮಿಶ್ರಲೋಹ, ಅಲ್ಯೂಮಿನಿಯಂ ಯಾವುದೂ ಅಂಟೂದಿಲ್ಲ. ಆದ್ರ ಪಿನ್ನಿನ ಮೈಗೆ ಹಿಡದು ನೋಡ್ರಿ, ಮುಳ್ಳಿಗೆ ಅಲ್ಲ. ಎಷ್ಟೋ ಹಿತ್ತಾಳಿ ಪಿನ್ನಿಗೂ ಉಕ್ಕಿನ ಮುಳ್ಳು ಇರ್ತೈತಿ.

ಬಣ್ಣ 10 ಪಟ್ಟಿನ ಭೂತಗನ್ನಡಿಯಾಗ ನೋಡ್ರಿ. ಬಣ್ಣ ಲೋಹದ ಗೆರಿಗೆ ಸಮನಾಗಿ ನುಣ್ಣಗಿದ್ರ ಹಾರ್ಡ್ ಎನಾಮೆಲ್. ಗೆರಿ ಎದ್ದು ಬಣ್ಣ ತಗ್ಗಿನಾಗ ಕುಂತಿದ್ರ ಸಾಫ್ಟ್ ಎನಾಮೆಲ್. ಹಳೇ ಕ್ಲಾಯ್ಸನೆ ಅಂದ್ರ ಗಾಜಿನ ಪುಡಿ ತುಂಬಿ ಭಟ್ಟಿಯಾಗ ಸುಟ್ಟದ್ದು. ಅದರಾಗ ಸಣ್ಣ ಸಣ್ಣ ಗುಳ್ಳಿ, ಕೂದಲೆಳಿ ಬಿರುಕು ಇರಬಹುದು. ಅದು ದೋಷ ಅಲ್ಲ, ಗಾಜು ಅನ್ನೋದಕ್ಕ ಸಾಕ್ಷಿ. ಸೂಜಿ ಕಾಯಿಸಿ ಚುಚ್ಚಿ ನೋಡ್ರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಪರೀಕ್ಷೆ ಮುಗಿಯೂದ್ರಾಗ ಮಾಲೂ ಮುಗದಿರ್ತೈತಿ.

ಘಟಪ್ರಭಾ_ಗೆಳೆಯ (ಗೋಕಾಕ)
ಇಷ್ಟೆಲ್ಲಾ ಯಾಕ್ರಿ? ಗೂಗಲ್ ಲೆನ್ಸಿನಾಗ ಹಾಕಿದ್ರ ಬರ್ತೈತಲ್ಲ.

ಕ್ಯಾಂಪ್_ಬಿಲ್ಲೆ
@ಘಟಪ್ರಭಾ_ಗೆಳೆಯ ಲೆನ್ಸು ಹೆಸರು ಹೇಳ್ತೈತಿ, ಅಸಲಿ-ನಕಲಿ ಹೇಳೂದಿಲ್ಲ. ಎರಡರ ಮುಖನೂ ಒಂದೇ ಇರ್ತೈತಿ ನೋಡ್ರಿ. ಹೆಸರಿಗೆ ಬಳಸ್ರಿ, ಅಲ್ಲಿಗೆ ನಿಲ್ಲಿಸ್ರಿ.

ಇಳಕಲ್_ಸೆರಗು (ಬಾಗಲಕೋಟೆ ಜಿಲ್ಲೆ)
ಡಿಸ್ನಿ ವಿಷಯ ನಾ ಹೇಳ್ತೀನ್ರಿ ಅಣ್ಣಾರ.

ಡಿಸ್ನಿ ಪಾರ್ಕಿನಾಗ ಪಿನ್ ಅದಲಿ-ಬದಲಿ ಶುರುವಾಗಿದ್ದು 1999ರ ಅಕ್ಟೋಬರದಾಗ, ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನಾಗ. ಅಲ್ಲಿ ಸಿಬ್ಬಂದಿ ಕೊರಳಪಟ್ಟಿ ಮ್ಯಾಲಿನ ಪಿನ್ನಿಗೆ ಒಂದಕ್ಕೊಂದು ಬದಲಿ, ಬೆಲಿ ಕೇಳಂಗಿಲ್ಲ. ಅದಕ್ಕೇ ನಕಲಿ ಧಂಧೆ ಬೆಳೀತು. ಅಗ್ಗದ ನಕಲಿ ಕೊಟ್ಟು ಅಸಲಿ ತರಬಹುದಲ್ಲ! ಈ ಮಾಲಿಗೆ ಸಂಗ್ರಾಹಕರು "ಸ್ಕ್ರ್ಯಾಪರ್" ಅಂತಾರ. 50, 100ರ ಗಂಟು ಕಟ್ಟಿ ಮಾರೂದು ಬಹುತೇಕ ಇದೇ.

ಹಿಂದಿನ ಮುದ್ರೆ ಓದ್ರಿ. ಡಿಸ್ನಿ ಹಕ್ಕುಸ್ವಾಮ್ಯದ ಗುರುತು ಇರಬೇಕು, ಅಕ್ಷರ ಚೂಪಾಗಿರಬೇಕು. ಲಿಮಿಟೆಡ್ ಎಡಿಷನ್ ಆದ್ರ ಎಷ್ಟು ಮಾಡ್ಯಾರಂತ ಸಂಖ್ಯೆ ಒತ್ತಿರ್ತಾರ. 300 ಮಾಡಿದ್ದಕ್ಕೂ 5,000 ಮಾಡಿದ್ದಕ್ಕೂ ಅಜಗಜಾಂತರ. ಹಿಡನ್ ಮಿಕ್ಕಿ ಸರಣಿ (2002ರಿಂದ ಬಂದದ್ದು) ಆದ್ರ ಮುಖದ ಮ್ಯಾಲೆ ಎಲ್ಲೋ ಒಂದು ಕಡೆ ಪುಟಾಣಿ ಮಿಕ್ಕಿ ತಲಿ ಇರ್ತೈತಿ. ಆ ಪಿನ್ನುಗಳ ಹಿಂದ ಮಿಕ್ಕಿ ತಲಿಗಳ ಜಾಲ ಒತ್ತಿರ್ತಾರ. ಅಸಲಿಯೊಳಗ ಆ ಜಾಲ ಅಂಚಿನ ತನಕ ಓಡಿ ಅರ್ಧಕ್ಕ ಕತ್ತರಿಸಿದಂಗ ನಿಲ್ತೈತಿ. ನಕಲಿಯೊಳಗ ಜಾಲದ ಸುತ್ತ ಒಂದು ಬೋಳು ಪಟ್ಟಿ ಉಳೀತೈತಿ. ಜತಿಗೆ ಅಂಚು ಚರಚರ, ಬಣ್ಣದಾಗ ತಗ್ಗು, ಕಪ್ಪು ಗೆರಿ ದಪ್ಪ, ತೂಕ ಕಡಿಮಿ.

ಒಂದೇ ಗುರುತಿನ ಮ್ಯಾಲೆ ತೀರ್ಪು ಬ್ಯಾಡ್ರಿ. ಮೂರ್ನಾಲ್ಕು ಕೂಡಿ ಬಂದ್ರ ನಕಲಿ ಅನ್ರಿ. ಮೊದ್ಲ ನಿಮ್ಮವೇ 12 ಹೊಳ್ಳಿಸಿ ನೋಡ್ರಿ, ಆಮ್ಯಾಲೆ ಪುಣೆದವ್ರ ಕಡೆ 50ರ ಹಿಂಭಾಗದ ಫೋಟೋ ಕೇಳ್ರಿ.

ಗುಮ್ಮಟದ_ಗಾಳಿ
@ಇಳಕಲ್_ಸೆರಗು ಅಕ್ಕಾರ, ನಮ್ಮ 12ರಾಗ 7ಕ್ಕ ಆ ಬೋಳು ಪಟ್ಟಿ ಅದ. 😐

ಇಳಕಲ್_ಸೆರಗು
ಅವನ್ನ ಬ್ಯಾರೆ ಡಬ್ಬಿಗೆ ಹಾಕ್ರಿ. ಬದಲಿಗೂ ಕೊಡಬ್ಯಾಡ್ರಿ, ಮತ್ತೊಬ್ರ ಕೊರಳಿಗೆ ಬೀಳ್ತಾವು.

ಮಲಪ್ರಭಾ_ಲೆಕ್ಕ (ಸವದತ್ತಿ)
ಬೆಲಿ ಕಡೆ ಬರೂಣು. ಇಬೇ ಅನ್ನೋ ಆನ್‌ಲೈನ್ ಹರಾಜಿನ ಭಾರತದ ತಾಣ 2018ರಾಗ ಮುಚ್ಚೇತಿ, ಆದ್ರ ಅಮೆರಿಕಾದ ತಾಣ ನೋಡಾಕ ಅಡ್ಡಿ ಇಲ್ಲ. ಹುಡುಕಿದ ಮ್ಯಾಲೆ ಶೋಧಕದಾಗ "ಸೋಲ್ಡ್ ಐಟಮ್ಸ್" ಆರಿಸ್ರಿ. ಆವಾಗ ಖರೇ ಮಾರಾಟ ಆದದ್ದಷ್ಟೇ ಉಳೀತಾವು, ಸುಮಾರು 90 ದಿನದ್ದು. ಅಲ್ಲೂ ಒಂದು ಕೊಕ್ಕಿ ಐತಿ: ಚೌಕಾಶಿ ಒಪ್ಪಿ ಕೊಟ್ಟದ್ದಾದ್ರ ಹಾಕಿದ ಬೆಲಿ ಮ್ಯಾಲೆ ಗೆರಿ ಎಳದಿರ್ತಾರ, ನಿಜವಾಗಿ ಕೊಟ್ಟದ್ದು ಅದಕ್ಕಿಂತ ಕಡಿಮಿ. ಅಂಥವನ್ನ ಲೆಕ್ಕದಿಂದ ತಗೀರಿ. ಗಂಟುಗಟ್ಟಲೆ ಮಾರಿದ್ದನ್ನೂ ತಗೀರಿ.

ಸರಾಸರಿ ಹಾಕಬ್ಯಾಡ್ರಿ, ಬೆಲಿಗಳನ್ನ ಸಣ್ಣದ್ರಿಂದ ದೊಡ್ಡದಕ್ಕ ಸಾಲಾಗಿ ಬರದು ನಡುವಿನ ಸಂಖ್ಯೆ ಹಿಡೀರಿ. ಉದಾಹರಣೆಗೆ ಒಂದು ಪಿನ್ನು 4, 5, 5, 6, 22 ಡಾಲರಿಗೆ ಹೋಗೇತಿ ಅನ್ರಿ. ಸರಾಸರಿ 8.40, ನಡುವಿಂದು 5. ಆ 22 ಅಂದ್ರ ಇಬ್ರು ಹಟಕ್ಕ ಬಿದ್ದು ಏರಿಸಿದ್ದಿರಬಹುದು, ಇಲ್ಲಾ ಮೂಲ ಕಾರ್ಡಿನ ಸಹಿತ ಇದ್ದದ್ದಿರಬಹುದು. ಒಂದು ಪಿನ್ನಿಗೆ ಮೂರಕ್ಕಿಂತ ಕಡಿಮಿ ಮಾರಾಟ ಸಿಕ್ಕರ ಅದಕ್ಕ ಬೆಲಿ ಇಲ್ಲ, ಅಂದಾಜು ಮಾತ್ರ ಐತಿ ಅಂತ ಬರಕೊಳ್ರಿ. ಇನ್ನೊಂದು: ಮಾರಾಟ ಆದದ್ದೆಷ್ಟು, ಇನ್ನೂ ಮಾರಾಟಕ್ಕ ಕುಂತದ್ದೆಷ್ಟು, ಎರಡೂ ಎಣಿಸ್ರಿ. 3 ಹೋಗಿ 140 ಕುಂತಿದ್ರ ಆ ಬೆಲಿಗೆ ನಿಮ್ಮದೂ ಹೋಗೂದಿಲ್ಲ.

ಘಟಪ್ರಭಾ_ಗೆಳೆಯ
ನಾ ಒಪ್ಪೂದಿಲ್ಲ. ಬದಲಿ ಅಂದಮ್ಯಾಲೆ ಡಾಲರ್ ಯಾಕ ನಡುವ ಬರಬೇಕು? ನಿಮಗ ಬೇಕಾದ್ದು ಸಿಕ್ತು, ಅವರಿಗೆ ಬೇಕಾದ್ದು ಸಿಕ್ತು, ಮುಗೀತು. ಎಲ್ಲಾನೂ ರೊಕ್ಕದಾಗ ತೂಗಿದ್ರ ಅದು ಸಂಗ್ರಹ ಅಲ್ಲ, ಕಿರಾಣಿ ಅಂಗಡಿ.

ಮಲಪ್ರಭಾ_ಲೆಕ್ಕ
@ಘಟಪ್ರಭಾ_ಗೆಳೆಯ ಗೊತ್ತಿದ್ದು ಬಿಟ್ಟುಕೊಟ್ರ ದೊಡ್ಡ ಮನಸು. ಗೊತ್ತಿಲ್ಲದ ಬಿಟ್ಟುಕೊಟ್ರ ಮೋಸ ಹೋದಂಗ. ಎರಡೂ ಕಡೆದ್ದನ್ನ ಒಂದೇ ಅಳತಿಯಾಗ ಅಳೀರಿ ಅಷ್ಟೇ ನನ್ನ ಮಾತು. ಈ ಪ್ರಶ್ನೆಯೊಳಗ ಏನಾಗೇತಿ ನೋಡ್ರಿ: ಪುಣೆದವ್ರ ಪಿನ್ನಿಗೆ ಅಂಗಡಿ ಬೆಲಿ, ಇವರ ಬ್ಯಾಡ್ಜಿಗೆ ಬೆಲಿನೇ ಇಲ್ಲ. ಬಿಡಿಯಾಗಿ 800ಕ್ಕ ಒಂದು ಹೋಗಬಹುದು, 50ನ್ನೂ ಹಂಗೇ ಕಳೀಬೇಕಂದ್ರ ವರ್ಷಗಟ್ಟಲೆ ಬೇಕು. ಅದಕ್ಕ ಗಂಟಿನ ಬೆಲಿನ ಗಂಟಿನ ಮಾರಾಟದಿಂದನೇ ತಗೀಬೇಕು.

ಕ್ಯಾಂಪ್_ಬಿಲ್ಲೆ
ಈಗ ಬ್ಯಾಡ್ಜ್. @ಗುಮ್ಮಟದ_ಗಾಳಿ ಕಹಳಿ ಕಂಡ ಕೂಡ್ಲೆ ಮರಾಠಾ ಅನಬ್ಯಾಡ್ರಿ. ಬ್ರಿಟಿಷ್ ಕಾಲದ ಲೈಟ್ ಇನ್‌ಫಂಟ್ರಿ (ಹಗುರ ಕಾಲಾಳು), ರೈಫಲ್ಸ್ ಪಡೆಗಳಿಗೆಲ್ಲಾ ಕಹಳಿನೇ ಗುರುತು. ನಾಲ್ಕು ಉತ್ತರ ಬೇಕು:
ಎರಡರ ಮ್ಯಾಲೂ ಏನು ಅಕ್ಷರ ಅದಾವು?
ಕಿರೀಟದ ತುದಿ ಗುಮ್ಮಟದಂಗ ಉಬ್ಬೇತೋ, ನಡುವ ತಗ್ಗು ಬಿದ್ದೈತೋ?
ಹಿಂಭಾಗ ಚಪ್ಪಟೆ ಐತೋ, ಮುಂದಿನ ಚಿತ್ರನೇ ತಗ್ಗಾಗಿ ಉಲ್ಟಾ ಕಾಣ್ತೈತೋ?
ಸಿಕ್ಕಿಸಾಕ ಏನೈತಿ: ಬೆಸುಗಿ ಹಾಕಿದ ಎರಡು ಕಿವಿ (ಬಳಿ), ಟೋಪಿಗೆ ಸಿಕ್ಕಿಸೋ ಉದ್ದಂದು ಪಟ್ಟಿ, ಇಲ್ಲಾ ಮುಳ್ಳಿಗೆ ಹಾಕೂ ಚಿಟ್ಟಿ ಕ್ಲಿಪ್ಪು?

ಗುಮ್ಮಟದ_ಗಾಳಿ
ಬಿಳಿದು: ಕಹಳಿ ದಾರದ ನಡುವ ಡಿ, ಎಲ್, ಐ ಅಂತ ಇಂಗ್ಲಿಷ್ ಅಕ್ಷರ. ಕಿರೀಟ ಗುಮ್ಮಟದಂಗ ಉಬ್ಬಿದ್ದು. ಹಿಂದ ಚಿತ್ರ ಉಲ್ಟಾ ಕಾಣ್ತದ. ಉದ್ದನ ಪಟ್ಟಿ ಅದ, ಸ್ವಲ್ಪ ಬಾಗ್ಯದ.
ಹಿತ್ತಾಳಿದು: ಕಹಳಿ ಕೆಳಗ "5ನೇ ಮಹ್ರಾಟ್ಟಾ ಲೈಟ್ ಇನ್‌ಫಂಟ್ರಿ" ಅಂತ ಇಂಗ್ಲಿಷ್. ಕಿರೀಟದ ನಡುವ ತಗ್ಗು. ಹಿಂಭಾಗ ಚಪ್ಪಟೆ, ಮರಳು ಮರಳು. ಎರಡು ಕಿವಿ.

ಕ್ಯಾಂಪ್_ಬಿಲ್ಲೆ
ಉಬ್ಬಿದ ಕಿರೀಟ ಅಂದ್ರ ಟ್ಯೂಡರ್ ಕಿರೀಟ, 1901ರಿಂದ ಎಲಿಜಬೆತ್ ರಾಣಿ ಬರೂ ತನಕ ಬ್ರಿಟಿಷ್ ಬ್ಯಾಡ್ಜಿನ ಮ್ಯಾಲೆ ಇದ್ದದ್ದು. ನಡುವ ತಗ್ಗಿರೋ ಸೇಂಟ್ ಎಡ್ವರ್ಡ್ ಕಿರೀಟ ಬಂದದ್ದು ರಾಣಿ ಕಾಲಕ್ಕ, 1953ರ ಸುಮಾರಿಗೆ. ನಮ್ಮ ದೇಶ 1950ರ ಜನವರಿ 26ಕ್ಕ ಗಣರಾಜ್ಯ ಆತು, ಸೈನ್ಯದ ಬ್ಯಾಡ್ಜಿಂದ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ಅಂದಮ್ಯಾಲೆ ಭಾರತದ ರೆಜಿಮೆಂಟಿನ ಹೆಸರಿನ ಮ್ಯಾಲೆ ರಾಣಿ ಕಿರೀಟ ಹೆಂಗ ಬರ್ತೈತಿ?

ಬಾದಾಮಿ_ಬಿಸಿಲು
ವಿಕ್ಟೋರಿಯಾ ಕಾಲದ ಕಿರೀಟನೂ ನಡುವ ತಗ್ಗಿನದೇ ಅಲ್ರಿ? 1901ರ ಹಿಂದಿಂದು ಯಾಕಾಗಿರಬಾರ್ದು?

ಕ್ಯಾಂಪ್_ಬಿಲ್ಲೆ
@ಬಾದಾಮಿ_ಬಿಸಿಲು ಛಲೋ ಪ್ರಶ್ನೆ. ಆದ್ರ ಆ "5" ಐತಲ್ಲ, ಅದೇ ಹಿಡದುಕೊಡ್ತೈತಿ. 1922ರ ಪುನರ್‌ರಚನೆಯೊಳಗ 103, 105, 110ನೇ ಅಂತ ಬ್ಯಾರೆ ಬ್ಯಾರೆ ಇದ್ದ ಮಹ್ರಾಟ್ಟಾ ಪಡೆಗಳನ್ನ ಕೂಡಿಸಿ 5ನೇದ್ದು ಅಂತ ಮಾಡಿದ್ರು. ಇಲ್ಲಿ ಬೆಳಗಾವಿಯೊಳಗ ಕೇಂದ್ರ ಬಂದದ್ದೂ 1922ರಾಗೇ. ಆಮ್ಯಾಲೆ ಆ 5 ಬಿಟ್ಟುಹೋತು. ಅಂದ್ರ "5" ಇದ್ರ 1922ರಿಂದ 1940ರ ದಶಕದ ತನಕದ್ದು, ಆ ಕಾಲದ ಕಿರೀಟ ಉಬ್ಬಿದ್ದೇ ಇರಬೇಕು. ಇದು ಎರಡು ಕಾಲ ಕೂಡಿಸಿ ಯಾರೋ ಆಮ್ಯಾಲೆ ಎರಕ ಹೊಯ್ದದ್ದು.

ಬಿಳಿದು ಡರ್ಹಮ್ ಲೈಟ್ ಇನ್‌ಫಂಟ್ರಿದು, ಇಂಗ್ಲೆಂಡಿಂದು. ಅದರ ಸಿಪಾಯಿ ಬ್ಯಾಡ್ಜ್ ಬಿಳಿ ಲೋಹದ್ದೇ, ಆದ್ದರಿಂದ ಬಣ್ಣ ಸರಿ ಐತಿ. ಅಚ್ಚೊತ್ತಿದ್ದು (ಹಿಂದ ಚಿತ್ರ ಉಲ್ಟಾ ಕಾಣೂದು ಅದಕ್ಕೇ), ಪಟ್ಟಿ ಇರೋದು, ಇದೂ ಸರಿ. ಆದ್ರ ಈ ಬ್ಯಾಡ್ಜಿಗೆ ಮರುಮುದ್ರಣನೂ ಇರ್ತಾವು, ಅಂದ್ರ ಹಳೇ ಅಚ್ಚಿನಾಗ ಆಮ್ಯಾಲೆ ಹೊಸಾದಾಗಿ ಒತ್ತಿದ್ದು. ಭೂತಗನ್ನಡಿ ಹಿಡದು ನೋಡ್ರಿ: ಕಹಳಿ ದಾರದ ನಡುವಿನ ಖಾಲಿ ಜಾಗ ಸ್ವಚ್ಛ ಕತ್ತರಿಸಿದ್ದಿರಬೇಕು. ಎತ್ತರದ ಜಾಗ ಸವದಿದ್ರ ಹಿಂದಿನ ಪಟ್ಟಿನೂ ಅಷ್ಟೇ ಸವದಿರಬೇಕು. ಮುಖ ಮುಪ್ಪಾಗಿ, ಪಟ್ಟಿ ಮಾತ್ರ ಹೊಸಾದು, ಬೆಸುಗಿ ಗಂಟು ಮಿರಮಿರ ಅಂದ್ರ ಅನುಮಾನ ಪಡ್ರಿ.

ಉದ್ಯಮಬಾಗ್_ಅಚ್ಚು (ಬೆಳಗಾವಿ)
ಫೌಂಡ್ರಿ ಕಡೆಯಿಂದ ಒಂದು ಮಾತು. ಅಸಲಿ ಬ್ಯಾಡ್ಜನ್ನೇ ಮಾದರಿ ಇಟ್ಟು ಅಚ್ಚು ತಗದು ಹಿತ್ತಾಳಿ ಹೊಯ್ದ್ರ, ಆರಿದ ಮ್ಯಾಲೆ ಮಾಲು ಕುಗ್ಗತೈತಿ. ಹಿತ್ತಾಳಿಗೆ ಸುಮಾರು 1.5ರಿಂದ 2 ಶೇಕಡಾ ಹಿಡೀರಿ. 50 ಮಿ.ಮೀ. ಅಸಲಿ ಇದ್ರ ನಕಲು 49ರ ಆಸುಪಾಸು ಬರ್ತೈತಿ. ಮಿಲಿಮೀಟರ್ ಪಟ್ಟಿಯಿಂದ ಅಳದ್ರ ಗೊತ್ತಾಗೂದಿಲ್ಲ, ವರ್ನಿಯರ್ ಕ್ಯಾಲಿಪರ್ ಹಿಡೀರಿ, 0.02 ಓದೂವಂಥದು. ಖಾತ್ರಿ ಇರೋ ಅಸಲಿಯ ಅಳತಿ ಸಂಗ್ರಾಹಕರ ಕಡೆ ಕೇಳಿ ಹೋಲಿಸ್ರಿ. ಎರಕದ ಮಾಲಿನಾಗ ಸಣ್ಣ ರಂಧ್ರ, ಅಂಚಿನಾಗ ಅರ ಹಾಕಿದ ಗೆರಿ, ಎರಡು ಅಚ್ಚು ಕೂಡಿದ ಜೋಡಿನ ಗುರುತು ಕಾಣ್ತಾವು. ಎರಕ ಅಂದ್ರ ನಕಲಿ, ಅಚ್ಚೊತ್ತಿದ್ದು ಅಂದ್ರ ಅಸಲಿ. ಇಷ್ಟು ನೆನಪಿಟ್ರ ಸಾಕು.

ಕ್ಯಾಂಪ್_ಬಿಲ್ಲೆ
@ಉದ್ಯಮಬಾಗ್_ಅಚ್ಚು ಅಳತಿ ಮಾತು ಲಾಖ್ ರೂಪಾಯಿದು, ಕಡೀ ಸಾಲು ಮಾತ್ರ ತಿದ್ದಬೇಕು. ಎರಡನೇ ಮಹಾಯುದ್ಧದಾಗ ಭಾರತದ ಪಡೆಗಳಿಗೆ ಎಷ್ಟೋ ಬ್ಯಾಡ್ಜ್ ಇಲ್ಲೇ ಬಜಾರದ ಕಸಬುದಾರರು ಎರಕ ಹೊಯ್ದು ಕೊಟ್ಟಾರ. ಒರಟು ಇರ್ತಾವು, ಆದ್ರ ಅಸಲಿ, ಕೆಲವರು ಅವನ್ನೇ ಹುಡುಕ್ತಾರ. ಹಂಗೇ ಇಂಗ್ಲೆಂಡಿನ ಗಾಂಟ್, ಫರ್ಮಿನ್ ಹೆಸರು ಒತ್ತಿದ ಮರುಮುದ್ರಣನೂ ಅದಾವು. ಅಚ್ಚೊತ್ತಿದ್ದು, ಹೆಸರಿರೋದು, ಆದ್ರೂ ಹೊಸಾದು. ಈ ಹಿತ್ತಾಳಿ ಬ್ಯಾಡ್ಜ್ ಬಿದ್ದದ್ದು ಎರಕ ಅನ್ನೋ ಕಾರಣಕ್ಕ ಅಲ್ಲ, ಕಿರೀಟಕ್ಕ.

ಉದ್ಯಮಬಾಗ್_ಅಚ್ಚು
ಒಪ್ಪಿದೆ. ಲೋಹ ತಿಳೀಬೇಕಂದ್ರ ಒರೆ ಹಚ್ಚಬ್ಯಾಡ್ರಿ, ಗೆರಿ ಬೀಳ್ತೈತಿ. ದೊಡ್ಡ ಬಂಗಾರದ ಅಂಗಡಿಗಳಾಗ ಎಕ್ಸ್-ಕಿರಣದಿಂದ ಲೋಹ ಗುರುತಿಸೋ ಎಕ್ಸ್‌ಆರ್‌ಎಫ್ ಯಂತ್ರ ಇರ್ತೈತಿ. ಗೀರದ, ಕರಗಿಸದ ತಾಮ್ರ, ಸತು, ನಿಕ್ಕಲ್, ಬೆಳ್ಳಿ ಎಷ್ಟೆಷ್ಟು ಅಂತ ತೋರಸ್ತೈತಿ. ಲೇಪ ಇದ್ರ ಮಾತ್ರ ಯಂತ್ರ ಲೇಪನ್ನೇ ಓದ್ತೈತಿ, ಸವದ ಜಾಗಕ್ಕ ಹಿಡಸ್ರಿ.

ಖಡೇಬಜಾರ್_ಕಟ್ಟಿ
ಅಂದ್ರ ಇವರದು ನಕಲಿ ಬ್ಯಾಡ್ಜ್, ಅವರದು ನಕಲಿ 50 ಪಿನ್. ಲೆಕ್ಕ ಸಮ ಆತು, ಕೊಟ್ಟು ಬಿಡ್ರಿ 😂

ಇಳಕಲ್_ಸೆರಗು
ನಗಬ್ಯಾಡ್ರಿ. ಈಗ ಇವರಿಗೆ ಗೊತ್ತಾಗೇತಿ. ಗೊತ್ತಿದ್ದೂ ಹೇಳದ ಕೊಟ್ರ ಇವರೂ ಅದೇ ಸಾಲಿಗೆ ಸೇರಿದಂಗ.

ಘಟಪ್ರಭಾ_ಗೆಳೆಯ
ಅವರೇನು ಸಣ್ಣ ಮಗಾನ? ತಾವೇ ನೋಡಿ ಕೇಳ್ಯಾರ. ಇವರು ಅಸಲಿ ಅಂತ ಹೇಳೇ ಇಲ್ಲ.

ಮಾಡರೇಟರ್
@ಘಟಪ್ರಭಾ_ಗೆಳೆಯ ಈ ಗುಂಪಿನ ನಿಯಮ: ನಕಲು ಅಂತ ತಿಳಿದ ಮೇಲೆ ವಿವರದಲ್ಲಿ ಬರೆಯಲೇಬೇಕು. ಹಾಗೆಯೇ ಮಿಲಿಟರಿ ಬ್ಯಾಡ್ಜ್ ಇಟ್ಟುಕೊಳ್ಳುವುದು ಬೇರೆ, ಸೈನಿಕನೆಂದು ನಂಬಿಸಲು ಧರಿಸುವುದು ಬೇರೆ. ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಮುಂದುವರಿಯಲಿ.

ಬಾದಾಮಿ_ಬಿಸಿಲು
ನಡುವ ಬ್ಯಾರೆ ಮಾತು ತಗದದ್ದಕ್ಕ ಕ್ಷಮಿಸ್ರಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಸ್ವಯಂಸೇವಕರ ಬ್ಯಾಡ್ಜ್ ಅಂತ ಒಂದು ಮಾರಾಟಕ್ಕ ಐತಿ. ಹೆಂಗ ನೋಡಬೇಕು?

ಕ್ಯಾಂಪ್_ಬಿಲ್ಲೆ
ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದೇ ಅಧಿವೇಶನ, ಹಿಂಗಾಗಿ ಹೆಸರಿಗೇ ಬೆಲಿ ಏರ್ತೈತಿ, ಹುಷಾರ್. ಮೊದ್ಲ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ನೋಡ್ರಿ. ಆವಾಗ "ಬೆಲ್‌ಗಾಂ" ಅಂತಿತ್ತು. "ಬೆಳಗಾವಿ" ಅಂತ ಇಂಗ್ಲಿಷಿನಾಗ ಅಧಿಕೃತ ಆದದ್ದು 2014ರ ನವೆಂಬರ್ 1ಕ್ಕ. ಆಮ್ಯಾಲೆ ಹಿಂದ ನೋಡ್ರಿ. ಎರಡು ರೆಕ್ಕಿ ಒತ್ತಿದ್ರ ಬಿಚ್ಚೂ ಚಿಟ್ಟಿ ಕ್ಲಿಪ್ಪು ಬಳಕಿಗೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. 1924ರ ಬ್ಯಾಡ್ಜಿಗೆ ಅದಿದ್ರ ಒಂದೋ ಹಿಂಭಾಗ ಬದಲಿ ಆಗೇತಿ, ಇಲ್ಲಾ ಪೂರ್ತಿ ಹೊಸಾದು. ಖರೇನ ಅಸಲಿ ಆದ್ರ ಇನ್ನೊಂದು ವಿಷಯ: 100 ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆ ಕೆಳಗ ಬರ್ತೈತಿ, ಖಾಸಗಿಯವ್ರು ಹೊರದೇಶಕ್ಕ ಕಳಸಂಗಿಲ್ಲ.

ಮಲಪ್ರಭಾ_ಲೆಕ್ಕ
ಉಳಿದವನ್ನ ಬೇಗ ಮುಗಸ್ತೀನಿ. ರಷ್ಯನ್ ಬಿಲ್ಲೆ: ಹೆಚ್ಚಿನವು ಅಲ್ಯೂಮಿನಿಯಂ, ಲಕ್ಷಗಟ್ಟಲೆ ಮಾಡಿದ್ದು. ಹಿಂದ ಕೊಪೆಕ್‌ದಾಗ (ರಷ್ಯಾದ ಚಿಲ್ಲರೆ ನಾಣ್ಯ) ದರ ಒತ್ತಿದ್ರ ಅಂಗಡಿಯಾಗ ಮಾರಿದ ಸ್ಮರಣಿಕೆ. ಕರಡಿ ಎಲ್ಲಾ ಕಡೆ ಸಿಗ್ತೈತಿ. 18ರಾಗ ಭಾರ ಇರೋದು, ಗಾಜಿನ ಎನಾಮೆಲ್ ಇರೋದು, ಸ್ಕ್ರೂ ಹಿಂಭಾಗದ್ದು ಇದ್ರ ಅದನ್ನ ಬ್ಯಾರೆ ತಗೀರಿ. ಲಾಸ್ ಏಂಜಲೀಸ್: ಪ್ರಾಯೋಜಕ ಕಂಪನಿ ಪಿನ್ನು ಅಗ್ಗ. ಯಾವುದರ ದೇಶದ ಒಲಿಂಪಿಕ್ ಸಮಿತಿದು, ಇಸವಿ ಸಹಿತ ಇದ್ರ, ಇಲ್ಲಾ ಪತ್ರಿಕಾ ಸಂಸ್ಥೆಗಳದಿದ್ರ ಗಿರಾಕಿ ಅದಾರ. ಲಯನ್ಸ್: ಅವರ ಸಮ್ಮೇಳನದಾಗ ತಾವತಾವೇ ಬದಲಿ ಮಾಡ್ಕೋತಾರ. ಜಿಲ್ಲಾ ಸಂಖ್ಯೆ, ಇಸವಿ ಇಲ್ಲದ್ದಕ್ಕ ಕೇಳಾವ್ರಿಲ್ಲ.

ಗುಮ್ಮಟದ_ಗಾಳಿ
ಬಿಳಿ ಬ್ಯಾಡ್ಜ್ ಕರ್ರಗಾಗ್ಯದ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ರ?

ಕ್ಯಾಂಪ್_ಬಿಲ್ಲೆ
ಮುಟ್ಟಬ್ಯಾಡ್ರಿ!! ಹುಣಸೆಹಣ್ಣು, ನಿಂಬಿ, ಪೀತಾಂಬರಿ, ಬ್ರಾಸೋ ಯಾವುದೂ ಬ್ಯಾಡ. ಆ ಕರಿ ಪದರ ಹೋದ್ರ ವಯಸ್ಸಿನ ಸಾಕ್ಷಿನೂ ಹೋಗ್ತೈತಿ, ಬೆಲಿನೂ. ಧೂಳಿದ್ರ ಬಟ್ಟಿ ಇಳಿಸಿದ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನ್ನ ಬ್ರಷ್, ಕೂಡ್ಲೆ ಒರಸಿ ಆರಸ್ರಿ. ಸಾಫ್ಟ್ ಎನಾಮೆಲ್ ಪಿನ್ನಿಗೆ ಉಗುರುಬಣ್ಣ ತಗಿಯೂ ದ್ರವ ತಾಗಿಸಬ್ಯಾಡ್ರಿ, ಬಣ್ಣ ಕಿತ್ತು ಬರ್ತೈತಿ. ಹಸಿರು ಕಿಲುಬು ಇದ್ರ ಮರದ ಹಲ್ಲುಕಡ್ಡಿಯಿಂದ ಮೆಲ್ಲಕ ಎಬ್ಬಸ್ರಿ. ಇಡೂದು ಪಿವಿಸಿ ಇಲ್ಲದ ಹಾಳಿಯೊಳಗ, ಸಿಲಿಕಾ ಜೆಲ್ ಪುಡಕಿ ಹಾಕಿ. ನಿಮ್ಮ ವಿಜಯಪುರದ ಒಣ ಹವಾಕ್ಕ ಅಷ್ಟು ಚಿಂತಿಲ್ಲ, ಬೆಳಗಾವಿ ಮಳಿಗಾಲದಾಗ ಮಾತ್ರ ಬಿಡಾಂಗಿಲ್ಲ.

ಗುಮ್ಮಟದ_ಗಾಳಿ
ಪುಣೆದವ್ರಿಗೆ ಬ್ಯಾಡ್ಜ್ ಕಿರೀಟದ ಸಂಗತಿ ಬರದು ಕಳಿಸೀನಿ. ಅವರೂ 50ರ ಹಿಂಭಾಗದ ಫೋಟೋ ಕಳಿಸ್ಯಾರ, ಕೆಳಗ ಹಾಕೀನಿ. ಈಗ ಹಿತ್ತಾಳಿದು ಬಿಟ್ಟು ಬಿಳಿ ಬ್ಯಾಡ್ಜಿಗೆ 20 ಪಿನ್ ಕೊಡ್ತೀನಿ ಅಂತಾರ.

ಇಳಕಲ್_ಸೆರಗು
ಫೋಟೋ ದೊಡ್ಡದು ಮಾಡಿ ನೋಡ್ದೆ. ಮ್ಯಾಲಿನ ಎರಡು ಸಾಲು ಪೂರ್ತಿ ಬೋಳು ಪಟ್ಟಿ. ಒಂದೇ ಪಿನ್ನು ನಾಲ್ಕು ಸಲ ಬಂದೈತಿ, ಅದೂ ಗಂಟಿನ ಮಾಲಿನ ಗುರುತೇ. ಕಡೀ ಸಾಲಿನಾಗ ಎಡದಿಂದ ಮೂರನೇದು, ಐದನೇದು ಮಾತ್ರ ಎಡಿಷನ್ ಸಂಖ್ಯೆ ಇರೋವು, ಅಕ್ಷರ ಚೂಪು, ಜಾಲ ಅಂಚಿಗೆ ಮುಟ್ಟೇತಿ. ಆ ಎರಡರ ಅಂಚಿನ ಫೋಟೋ ಬ್ಯಾರೆ ತರಸ್ರಿ. ಉಳಿದ 48 ಪುಕ್ಕಟೆ ಕೊಟ್ರೂ ಬ್ಯಾಡ.

ಮಲಪ್ರಭಾ_ಲೆಕ್ಕ
ಆ ಎರಡರ ಮಾರಾಟದ ನಡುವಿನ ಸಂಖ್ಯೆ ಒಂದು ಕಡೆ, ಡರ್ಹಮ್ ಬ್ಯಾಡ್ಜಿಂದು ಒಂದು ಕಡೆ ಬರೀರಿ. ಬ್ಯಾಡ್ಜಿಗೆ ಮರುಮುದ್ರಣದ ಮಾರಾಟ ಬಿಟ್ಟು ಟ್ಯೂಡರ್ ಕಿರೀಟ, ಪಟ್ಟಿ ಇರೋ, ಹಿಂದಿನ ಫೋಟೋ ಹಾಕಿದವನ್ನಷ್ಟೇ ಹಿಡೀರಿ. ಪಟ್ಟಿ ಬಾಗಿದ್ದಕ್ಕ ಸ್ವಲ್ಪ ಕಳೀರಿ, ಅಂಚೆ ಖರ್ಚು ಇಬ್ರದ್ದೂ ಸೇರಸ್ರಿ. ಬಾಗಿದ್ದನ್ನ ನೆಟ್ಟಗ ಮಾಡಾಕ ಹೋಗಬ್ಯಾಡ್ರಿ, ಬೆಸುಗಿ ಬಿಟ್ಟು ಬರ್ತೈತಿ.

ಖಡೇಬಜಾರ್_ಕಟ್ಟಿ
ಕಳಸೂದಾದ್ರ ಇಬ್ರೂ ಒಂದೇ ದಿನ, ಟ್ರ್ಯಾಕಿಂಗ್ ನಂಬರ್ ಬದಲಿ ಮಾಡ್ಕೊಂಡು. ಕ್ಲಿಪ್ಪು ಬಿಚ್ಚಿ ಬ್ಯಾರೆ ಪುಡಕಿಗೆ ಹಾಕ್ರಿ, ಮುಳ್ಳು ಥರ್ಮಾಕೋಲಿಗೆ ಚುಚ್ಚಿ ಎರಡೂ ಕಡೆ ರಟ್ಟು ಇಡ್ರಿ. ಲಕೋಟಿಯಾಗ ಹಂಗೇ ಹಾಕಿದ್ರ ಮುಳ್ಳು ಹರದು ಹೊರಗ ಬರ್ತೈತಿ. ರಿಜಿಸ್ಟರ್ ಮಾಡ್ರಿ.

ಬಾದಾಮಿ_ಬಿಸಿಲು
ರಿಜಿಸ್ಟರ್ ಪೋಸ್ಟ್ 2025ರಾಗ ಸ್ಪೀಡ್ ಪೋಸ್ಟಿನಾಗ ಸೇರಿಹೋತಲ್ರಿ ಅಣ್ಣಾ. ಕೌಂಟರಿನಾಗ ಸ್ಪೀಡ್ ಪೋಸ್ಟ್ ಅಂತನೇ ಕೇಳ್ರಿ.

ಗುಮ್ಮಟದ_ಗಾಳಿ
ಆ ಎರಡರ ಅಂಚಿನ ಫೋಟೋ ಕೇಳೀನಿ. ಬಂದ ಕೂಡ್ಲೆ ಇಲ್ಲೇ ಹಾಕ್ತೀನ್ರಿ.